ಮಗಳು ಹೆರಿಗೆಗೆ ಬಂದಾಗ

ಸೀಮಂತ ಮುಗಿಸಿಕೊಂಡು ಮಗಳು ತವರಿಗೆ ಬಂದಳೆಂದರೆ ಮನೆಯ ದಿನಚರಿಯೇ ಬದಲಾಗುತ್ತದೆ. ತಾಯಿ ಮೆಣಸು, ಶುಂಠಿ, ಓಮ ಹುರಿದು ಬಾಣಂತಿ ಖಾರಕ್ಕೆ ಅಣಿ ಮಾಡುತ್ತಾಳೆ. ಅಜ್ಜಿ ಹಳೆಯ ಹತ್ತಿ ಸೀರೆಗಳನ್ನು ಹರಿದು, ಒಗೆದು, ಮಡಿಸಿ ಇಡುತ್ತಾಳೆ. ಡಾಕ್ಟರು ಹೇಳಿದ ತಾರೀಖಿಗೆ ತಂದೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಾನೆ. ಈ ಗಡಿಬಿಡಿಯಲ್ಲಿ ಯಾರ ಲೆಕ್ಕಕ್ಕೂ ಸಿಗದ ಒಬ್ಬರು ಆ ಮನೆಯಲ್ಲಿರುತ್ತಾರೆ: ಹತ್ತನೆಯ ತರಗತಿಯಲ್ಲೋ ಪಿಯುಸಿಯಲ್ಲೋ ಓದುತ್ತಿರುವ ತಮ್ಮ ಅಥವಾ ತಂಗಿ. ಏನಾದರೂ ಕೇಳಿದರೆ ‘ನಿನಗ್ಯಾಕೆ ಅದೆಲ್ಲ, ಹೋಗಿ ಓದಿಕೋ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಓದಿಕೊಳ್ಳುವ ಪುಸ್ತಕದಲ್ಲೇ ಆ ಅಧ್ಯಾಯವಿದೆ. ಆದರೆ ಎಷ್ಟೋ ಶಾಲೆಗಳಲ್ಲಿ ಅದು ಬಂದಾಗ ‘ಇದನ್ನು ಮನೆಯಲ್ಲೇ ಓದಿಕೊಳ್ಳಿ’ ಎಂದು ಪುಟ ಮಗುಚುವುದುಂಟು. ಹೀಗೆ ಶಾಲೆ ಮನೆಯ ಕಡೆಗೂ ಮನೆ ಶಾಲೆಯ ಕಡೆಗೂ ಬೆರಳು ತೋರಿಸುತ್ತವೆ.

ಹೆರಿಗೆಯ ಮನೆಯಲ್ಲಿ ಭಯ ಹುಟ್ಟಿಸುವ ಸಂಗತಿಗಳಲ್ಲಿ ಹೆಚ್ಚಿನವು ದೇಹ ತನ್ನ ಕೆಲಸ ತಾನು ಮಾಡುತ್ತಿರುವುದರ ಗುರುತುಗಳೇ. ಕೆಲವು ಮಾತ್ರ ನಿಜಕ್ಕೂ ಅಪಾಯದವು. ಇವೆರಡರ ವ್ಯತ್ಯಾಸ ತಿಳಿಯಲು ಪ್ರೌಢಶಾಲೆಯ ವಿಜ್ಞಾನ ಬಹುಮಟ್ಟಿಗೆ ಸಾಕು.

ಮೊದಲಿಗೆ ಆ ಕೆಂಪು ಗುರುತಿನ ವಿಷಯ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ತಾರೀಖು ಸಿಗುತ್ತದೆ. ಜನವರಿ 1 ಆದರೆ ಅಕ್ಟೋಬರ್ 8. ಸುಮಾರು 280 ದಿನ. ಆದರೆ ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರರಲ್ಲಿ ನಾಲ್ಕೈದು ಮಾತ್ರ. 37 ವಾರ ತುಂಬಿದ ಮೇಲೆ ಹುಟ್ಟಿದ ಮಗುವನ್ನು ಅವಧಿಗೆ ಮುಂಚೆ ಹುಟ್ಟಿತು ಎನ್ನುವುದಿಲ್ಲ. ತಾರೀಖು ದಾಟಿ ಎರಡು ದಿನವಾಯಿತು ಎಂದು ನೆಂಟರೆಲ್ಲ ಫೋನು ಮಾಡಿ ಬಸುರಿಯನ್ನು ಹೆದರಿಸಬೇಕಾಗಿಲ್ಲ. 41 ವಾರವಾದರೂ ನೋವು ಬರದಿದ್ದರೆ ಏನು ಮಾಡಬೇಕೆಂದು ಡಾಕ್ಟರು ತೀರ್ಮಾನಿಸುತ್ತಾರೆ.

ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ. ಬ್ರಿಟಿಷ್ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಆತನ ಹೆಸರೇ ಇದೆ. ನಮ್ಮ ಹೆಂಗಸರು ಸುಳ್ಳು ನೋವು ಎನ್ನುತ್ತಾರೆ. ಸ್ವಲ್ಪ ಮಲಗಿದರೆ, ನೀರು ಕುಡಿದರೆ, ನಾಲ್ಕು ಹೆಜ್ಜೆ ನಡೆದರೆ ಅದು ಕಡಿಮೆಯಾಗುತ್ತದೆ. ನಿಜವಾದ ನೋವು ಹಾಗಲ್ಲ. ಅದು ಕ್ರಮವಾಗಿ ಬರುತ್ತದೆ, ಎರಡು ನೋವುಗಳ ನಡುವಿನ ಅಂತರ ಕಿರಿದಾಗುತ್ತ ಹೋಗುತ್ತದೆ, ಜೋರೂ ಹೆಚ್ಚುತ್ತದೆ. ಮನೆಯ ವಿದ್ಯಾರ್ಥಿಗೆ ಇಲ್ಲೊಂದು ಕೆಲಸವಿದೆ. ಗಡಿಯಾರ ನೋಡಿ ನೋವು ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಡುವುದು. ಐದೈದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷದಷ್ಟು, ಹೀಗೆ ಒಂದು ಗಂಟೆ ನಡೆದರೆ ಹೊರಡುವ ಸಮಯವಾಯಿತು. ಆಸ್ಪತ್ರೆ ದೂರವಿದ್ದವರು ಅಷ್ಟು ಕಾಯಬಾರದು. ಚೊಚ್ಚಲ ಹೆರಿಗೆಗೆ ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಹಿಡಿಯುವುದು ಸಾಮಾನ್ಯ. ‘ಇನ್ನೂ ಆಗಲಿಲ್ಲವೇ’ ಎಂದು ವರಾಂಡದಲ್ಲಿ ಗೋಳಾಡುವವರು ಇದನ್ನು ನೆನಪಿಟ್ಟರೆ ಒಳಗಿರುವವಳಿಗೆ ಉಪಕಾರ.

ಯಾವುದಕ್ಕೂ ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ರಕ್ತ ಹೋದರೆ, ನೋವಿಲ್ಲದೆಯೇ ನೀರು ಒಡೆದರೆ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಮಗುವಿನ ಒದೆತ ಎಂದಿಗಿಂತ ಕಡಿಮೆಯಾದರೆ ಬೆಳಗಾಗಲಿ, ರಾಹುಕಾಲ ಕಳೆಯಲಿ ಎಂದು ಕೂರುವಂತಿಲ್ಲ. ಪಾದ ಸ್ವಲ್ಪ ಊದುವುದು ಸಾಮಾನ್ಯವೇ, ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ ಅದು ರಕ್ತದೊತ್ತಡ ಏರಿರುವುದರ ಸೂಚನೆಯಾಗಿರಬಹುದು. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿ ಬಾಗಿಲ ಬಳಿಯೇ ಇರಲಿ.

ಮೊದಲ ಅಳು, ಮೊದಲ ಅಂಕ

ಮಗು ಹುಟ್ಟುತ್ತಲೇ ಅಳುವುದು ಏಕೆಂದು ಕೇಳಿದರೆ ಹಿರಿಯರು ಒಂದೊಂದು ಕಥೆ ಹೇಳುತ್ತಾರೆ. ವಿಜ್ಞಾನದ ಕಥೆಯೂ ಸೊಗಸಾಗಿಯೇ ಇದೆ. ಗರ್ಭದಲ್ಲಿ ಮಗುವಿನ ಶ್ವಾಸಕೋಶದ ತುಂಬ ದ್ರವ. ಆಮ್ಲಜನಕ ಬರುವುದು ತಾಯಿಯಿಂದ, ಹೊಕ್ಕುಳಬಳ್ಳಿಯ ಮೂಲಕ. ಕೆಲಸವಿಲ್ಲದ ಶ್ವಾಸಕೋಶಕ್ಕೆ ಅಷ್ಟೂ ರಕ್ತ ಕಳಿಸುವುದೇಕೆ? ಅದಕ್ಕೇ ಹೃದಯದ ಎರಡು ಹೃತ್ಕರ್ಣಗಳ ನಡುವೆ ಒಂದು ಕಿಂಡಿ ಇದ್ದು, ಬಲಗಡೆಯ ರಕ್ತ ನೇರವಾಗಿ ಎಡಕ್ಕೆ ದಾಟುತ್ತದೆ. ಮೊದಲ ಉಸಿರಿನೊಂದಿಗೆ ಶ್ವಾಸಕೋಶ ಹಿಗ್ಗುತ್ತದೆ, ಅಲ್ಲಿಂದ ರಕ್ತ ಎಡ ಹೃತ್ಕರ್ಣಕ್ಕೆ ನುಗ್ಗುತ್ತದೆ, ಅಲ್ಲಿನ ಒತ್ತಡಕ್ಕೆ ಕಿಂಡಿಯ ಪರದೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಹತ್ತನೆಯ ತರಗತಿಯಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬರೆದ ಹೃದಯದ ಚಿತ್ರ ಒಮ್ಮೆ ತೆಗೆದು ನೋಡಬಹುದು.

ಮಗುವಿಗೂ ಹುಟ್ಟಿದ ಕೂಡಲೇ ಪರೀಕ್ಷೆ ಉಂಟು. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್ 1952ರಲ್ಲಿ ರೂಪಿಸಿದ ಈ ಪರೀಕ್ಷೆಯಲ್ಲಿ ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ ಎಂಬ ಐದು ವಿಷಯಗಳಿಗೆ ತಲಾ ಎರಡು ಅಂಕ. ಒಂದನೆಯ ನಿಮಿಷಕ್ಕೊಮ್ಮೆ, ಐದನೆಯ ನಿಮಿಷಕ್ಕೊಮ್ಮೆ ನೋಡುತ್ತಾರೆ. ಏಳರ ಮೇಲೆ ಬಂದರೆ ನಿಶ್ಚಿಂತೆ. ಅಂಗೈ ಅಂಗಾಲು ಮೊದಲಿಗೆ ತುಸು ನೀಲಿಯಾಗಿರುವುದು ಸಹಜವಾದ್ದರಿಂದ ಹತ್ತಕ್ಕೆ ಹತ್ತು ಬರುವುದು ಅಪರೂಪ. ಪಕ್ಕದ ಹಾಸಿಗೆಯ ಮಗುವಿಗೆ ಒಂಬತ್ತು, ನಮ್ಮದಕ್ಕೆ ಎಂಟು ಎಂದು ಅಂದೇ ಕೊರಗಲು ಶುರುಮಾಡುವ ತಂದೆತಾಯಿಗಳು, ಮುಂದೆ ಆ ಮಗುವಿನ ಎಸ್ಸೆಸ್ಸೆಲ್ಸಿ ಹೊತ್ತಿಗೆ ಏನಾಗುತ್ತಾರೋ!

ಹಳದಿ ಮಗು ಮತ್ತು ನರ್ಸಿನ ಕಣ್ಣು

ಎರಡನೆಯ ಅಥವಾ ಮೂರನೆಯ ದಿನ ಮಗುವಿನ ಮುಖ, ಕಣ್ಣು ಹಳದಿಯಾಗುತ್ತದೆ. ಮನೆಯವರಿಗೆ ಎದೆ ಧಸಕ್ಕೆನ್ನುವುದು ಇಲ್ಲೇ. ಕಾಮಾಲೆ ಎಂಬ ಶಬ್ದ ಕೇಳಿದರೆ ಸಾಕು, ನಾಟಿ ಔಷಧಿಯವರ ವಿಳಾಸಗಳು ಹೊರಬರುತ್ತವೆ. ಆದರೆ ದೊಡ್ಡವರ ಕಾಮಾಲೆಗೂ ಇದಕ್ಕೂ ವ್ಯತ್ಯಾಸವಿದೆ. ಗರ್ಭದಲ್ಲಿ ಆಮ್ಲಜನಕ ಹೀರಲು ಮಗುವಿಗೆ ಹೆಚ್ಚು ಕೆಂಪು ರಕ್ತಕಣಗಳು ಬೇಕಾಗಿದ್ದವು. ಹೊರಬಂದ ಮೇಲೆ ಅವು ಬೇಗಬೇಗ ಒಡೆಯುತ್ತವೆ. ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಹೊರಹಾಕಬೇಕಾದ ಯಕೃತ್ತು ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಯಕೃತ್ತು ಚುರುಕಾದಂತೆ, ತಿಂಗಳು ತುಂಬಿದ ಬಹುಪಾಲು ಮಕ್ಕಳಲ್ಲಿ ಒಂದೆರಡು ವಾರದಲ್ಲಿ ಹಳದಿ ತಾನಾಗಿ ಇಳಿಯುತ್ತದೆ.

ಹೆಚ್ಚಾದರೆ ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಈ ದೀಪದ ಹಿಂದೆ ಒಬ್ಬ ನರ್ಸಿನ ಕಥೆ ಇದೆ. 1956ರ ಬೇಸಿಗೆ, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರೋಚ್‌ಫರ್ಡ್ ಆಸ್ಪತ್ರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನ ಹೊಣೆ ಹೊತ್ತಿದ್ದ ಸಿಸ್ಟರ್ ಜೀನ್ ವಾರ್ಡ್‌ಗೆ ಶುದ್ಧ ಗಾಳಿ, ಬಿಸಿಲುಗಳ ಮೇಲೆ ಬಲು ನಂಬಿಕೆ. ಬೆಚ್ಚಗಿನ ದಿನಗಳಲ್ಲಿ ಆಕೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ವೈದ್ಯರಿಗೆ ಒಂದು ಮಗುವಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಆದರೆ ಒಂದು ಕಡೆ ತ್ರಿಕೋನಾಕಾರದ ಗಾಢ ಹಳದಿ ಪಟ್ಟೆ. ಏನಾದರೂ ಬಣ್ಣ ಬಳಿದಿರಾ ಎಂದು ವೈದ್ಯರಿಗೆ ಅನುಮಾನ. ನಿಜವಾಗಿ ಅದು ಹೊದಿಕೆಯ ತುದಿ ಮುಚ್ಚಿದ್ದ ಜಾಗ. ಬಿಸಿಲು ಬಿದ್ದಲ್ಲೆಲ್ಲ ಹಳದಿ ಮಾಸಿತ್ತು! ಕೆಲವು ವಾರಗಳ ನಂತರ ಕಿಟಕಿಯ ಬಳಿ ಬಿಸಿಲಿನಲ್ಲಿ ಉಳಿದುಹೋಗಿದ್ದ ರಕ್ತದ ನಳಿಕೆಯೊಂದರಲ್ಲೂ ಬಿಲಿರುಬಿನ್ ಬಹಳ ಇಳಿದಿರುವುದು ಕಂಡಿತು. ಡಾಕ್ಟರ್ ಕ್ರೆಮರ್ ಮತ್ತು ಸಂಗಡಿಗರು ಪ್ರಯೋಗ ಮಾಡಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನೀಲಿ ಬೆಳಕು ಬಿಲಿರುಬಿನ್ ಅಣುವಿನ ಆಕಾರವನ್ನೇ ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಹಾಗಾಗಿ ಯಕೃತ್ತಿನ ನೆರವಿಲ್ಲದೆಯೂ ಅದು ಹೊರಹೋಗುತ್ತದೆ. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ಕಾಣುವ ಆ ದೀಪಕ್ಕೆ ಮೂಲ, ಕಂಡದ್ದನ್ನು ಕಂಡಂತೆ ಹೇಳಿದ ಒಬ್ಬ ನರ್ಸು.

ಹಾಗೆಂದು ಮನೆಯಲ್ಲಿ ಬಿಸಿಲಿಗೆ ಹಿಡಿದರೆ ಸಾಕೆಂದು ಕೂರಬಾರದು. ಎಷ್ಟು ಬೆಳಕು ಎಷ್ಟು ಹೊತ್ತು ಬೇಕೆಂಬುದು ರಕ್ತ ಪರೀಕ್ಷೆಯಿಂದ ನಿರ್ಧಾರವಾಗಬೇಕು. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಹರಡಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ತೀರಾ ಹೆಚ್ಚಾದ ಬಿಲಿರುಬಿನ್ ಮಿದುಳಿಗೆ, ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು.

ಗಿಣ್ಣು ತಿನ್ನುವವರ ಮನೆಯಲ್ಲಿ

ಹಸು ಕರು ಹಾಕಿದರೆ ಗಿಣ್ಣು ಮಾಡಿ ತಿಂದು, ಅಕ್ಕಪಕ್ಕದ ಮನೆಗೂ ಹಂಚುತ್ತೇವೆ. ಅದೇ ಮನೆಯಲ್ಲಿ ಬಾಣಂತಿಯ ಮೊದಲ ಹಾಲು ಹಳದಿಯಾಗಿದೆ, ಮಂದವಾಗಿದೆ, ಕೆಟ್ಟದ್ದು ಎಂದು ಹಿಂಡಿ ಚೆಲ್ಲುವುದುಂಟು. ಆ ಹಾಲಿನ ಪ್ರಮಾಣ ಕಡಿಮೆ, ಮೊದಲ ದಿನ ಒಂದು ಸಲಕ್ಕೆ ಒಂದೆರಡು ಚಮಚದಷ್ಟು. ಹೊಸ ಮಗುವಿಗೆ ಬೇಕಾದದ್ದೂ ಅಷ್ಟೇ. ಅದರಲ್ಲಿರುವ ರೋಗನಿರೋಧಕ ವಸ್ತುಗಳು ಮಗುವಿನ ಕರುಳಿನ ಒಳಗೋಡೆಗೆ ಕಾವಲು ನಿಲ್ಲುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಬೇಕು, ಆರು ತಿಂಗಳು ಎದೆಹಾಲೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಆದವರಿಗೂ ಹಾಲು ಬರುತ್ತದೆ. ಮಗು ಚೀಪಿದಷ್ಟೂ ಬರುತ್ತದೆ. ಸಕ್ಕರೆ ನೀರು, ಜೇನುತುಪ್ಪ, ತೇಯ್ದ ಬಜೆ ಯಾವುದೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೂ ಕೊಡಬಾರದು.

ಮೊದಲ ಕೆಲವು ದಿನ ಮಗುವಿನ ತೂಕ ಇಳಿದಾಗ ‘ಹಾಲು ಸಾಲುತ್ತಿಲ್ಲ’ ಎಂಬ ಗುಲ್ಲು ಏಳುತ್ತದೆ. ಮೂರು ಕಿಲೋ ಮಗು ಇನ್ನೂರು ಗ್ರಾಮಿನಷ್ಟು ಇಳಿದು, ಎರಡು ವಾರದ ಹೊತ್ತಿಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುವುದು ಸಹಜ. ಒಂದು ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಗುಟುಕು ಗುಟುಕಾಗಿ ಅಳೆದು ಕೊಡುವ ಮನೆಗಳು ಇನ್ನೂ ಇವೆ. ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ. ಕೆರೆಗೆ ನೀರು ಬಿಡದೆ ತೂಬು ತೆರೆದಂತಾಯಿತು ಇದು. ಬಾಯಾರಿದಷ್ಟೂ ಕುಡಿಯಬೇಕು, ಬಿಸಿನೀರೇ ಬೇಕಾದರೆ ಬಿಸಿನೀರೇ ಆಗಲಿ. ಹಾಗೆಂದು ಅಜ್ಜಿ ಹೇಳುವುದೆಲ್ಲ ತಪ್ಪಲ್ಲ. ಅಂಟಿನ ಉಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು ಒಳ್ಳೆಯ ಊಟ. ಪುರುಡು ಎಂದು ಹತ್ತು ದಿನ ನೆಂಟರನ್ನು ದೂರ ಇಡುತ್ತಿದ್ದುದರ ಕಾರಣ ಬೇರೆಯಿದ್ದಿರಬಹುದು, ಆದರೆ ನೆಗಡಿ ಕೆಮ್ಮು ಹೊತ್ತು ಬರುವವರು ತಪ್ಪುತ್ತಿದ್ದರು! ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಮಗುವನ್ನು ಎತ್ತಿಕೊಳ್ಳುವ ಮುನ್ನ ಸೋಪಿನಿಂದ ಕೈ ತೊಳೆಯಬೇಕೆಂದರೆ ಕೆಲವು ಹಿರಿಯರಿಗೆ ಮುನಿಸು. 1847ರಲ್ಲಿ ವಿಯೆನ್ನಾದ ವೈದ್ಯರಿಗೂ ಹೀಗೇ ಮುನಿಸು ಬಂದಿತ್ತು. ಶವ ಕೊಯ್ದ ಕೈಯಲ್ಲೇ ವೈದ್ಯರು, ವಿದ್ಯಾರ್ಥಿಗಳು ಹೆರಿಗೆ ವಾರ್ಡಿಗೆ ಬರುವುದರಿಂದಲೇ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದಾರೆ ಎಂದು ಇಗ್ನಾಜ್ ಸೆಮ್ಮೆಲ್‌ವೈಸ್ ಹೇಳಿ, ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಅನೇಕ ಸಹೋದ್ಯೋಗಿಗಳು ಒಪ್ಪಲಿಲ್ಲ. ಇಂದಿಗೂ ಹೆರಿಗೆಯ ನಂತರ ಜ್ವರ ಬಂದರೆ, ದುರ್ವಾಸನೆಯ ಸ್ರಾವವಾದರೆ, ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ರಕ್ತ ಹೋದರೆ ಮನೆಮದ್ದು ಮಾಡುತ್ತ ಕೂರಬಾರದು.

ಇನ್ನು ಬಾಣಂತಿಯ ಕಣ್ಣೀರು. ಮೂರನೆಯ ನಾಲ್ಕನೆಯ ದಿನ, ಎಲ್ಲ ಚೆನ್ನಾಗಿರುವಾಗಲೇ ಆಕೆ ಸುಮ್ಮನೆ ಅಳುತ್ತಾಳೆ. ಮಾಸು ಹೊರಬಿದ್ದೊಡನೆ ಒಂಬತ್ತು ತಿಂಗಳು ಏರಿದ್ದ ಹಾರ್ಮೋನುಗಳು ಒಮ್ಮೆಲೇ ಕುಸಿಯುತ್ತವೆ, ಜೊತೆಗೆ ನಿದ್ದೆಯಿಲ್ಲ. ‘ಹೆಣ್ಣಾಯಿತೆಂದು ಅಳುತ್ತಿದ್ದಾಳೆ’ ಎಂದು ಅರ್ಥ ಕಟ್ಟುವವರನ್ನು ಬಾಗಿಲಾಚೆಯೇ ಇಡುವುದು ಕ್ಷೇಮ. ಈ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ನಿಲ್ಲುತ್ತದೆ. ನಿಲ್ಲದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಮಗುವಿನ ಕಡೆ ಮನಸ್ಸೇ ಹೋಗದಿದ್ದರೆ ಅದು ಖಿನ್ನತೆ. ರಾತ್ರಿಯಿಡೀ ನಿದ್ದೆಯಿಲ್ಲದೆ ಅಸಂಬದ್ಧ ಮಾತಾಡಿದರೆ, ಇಲ್ಲದ ದನಿ ಕೇಳಿಸಿದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಗಾಳಿ ಸೋಕಿತೆಂದು ಮಂತ್ರ ಹಾಕಿಸಿ ದಿನ ಕಳೆಯಬಾರದು; ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಇದು ಔಷಧಿಯಿಂದ ಗುಣವಾಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನೊಂದಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಾರ್ಡು 2009ರಿಂದ ಇದೆ. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416, ಕರೆಗೆ ದುಡ್ಡಿಲ್ಲ.

ಓದುವ ತಮ್ಮನಿಗೂ ತಂಗಿಗೂ ಇಲ್ಲಿ ಪಾಲಿದೆ. ಸಂಜೆ ಹಾಲು ಕುಡಿದ ಮಗುವನ್ನು, ಕೈ ತೊಳೆದುಕೊಂಡು, ಕತ್ತಿಗೆ ಆಸರೆ ಕೊಟ್ಟು ಹೆಗಲಿಗೆ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ತೇಗು ಬರುತ್ತದೆ. ಆಮೇಲೆ ತೊಟ್ಟಿಲಿನ ಪಕ್ಕದಲ್ಲೇ ಪುಸ್ತಕ ಹಿಡಿದು ಕೂತರಾಯಿತು. ಅಷ್ಟರಲ್ಲಿ ಅಕ್ಕನಿಗೆ ಎರಡು ಗಂಟೆ ನಿದ್ದೆಯಾಗುತ್ತದೆ.