ನಟನೆಯೂ ಕಾಪಟ್ಯವೂ

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ನಾವು ‘ಕಪಟಿಗಳು’ ಎಂದು ಓದುವೆಡೆ ಮೂಲದಲ್ಲಿರುವ ‘ಹುಪೊಕ್ರಿಟೇಸ್’ ಎಂಬ ಗ್ರೀಕ್ ಪದಕ್ಕೆ ರಂಗದ ನಟನೆಂಬ ಅರ್ಥವೂ ಉಂಟು. ಹಾಗಾದರೆ ಕರ್ತನು ನಟನಕಲೆಯನ್ನೇ ಖಂಡಿಸಿದನೆ? ಹಾಗೆಣಿಸಲಾಗದು. ಕಪಟಿಯು ತಾನು ನಟಿಸುತ್ತಿರುವುದನ್ನು ಮರೆಮಾಡುತ್ತಾನೆ. ನಟನಾದರೋ ಎಲ್ಲರೂ ಬಲ್ಲಂತೆಯೇ ನಟಿಸಿ, ಪರರ ವೇದನೆಗೆ ತನ್ನ ದೇಹವನ್ನೂ ದನಿಯನ್ನೂ ಎರವಲು ಕೊಡುತ್ತಾನೆ. ಪ್ರವಾದಿಯಾದ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನು ಕಟ್ಟಿಕೊಂಡದ್ದೂ (ಅ.ಕೃ. 21:11) ಸತ್ಯವನ್ನು ಕಾಣಿಸುವ ಅಭಿನಯವೇ.

ಉಡಿಗಾಲವೇ ಮೊದಲಾದ ಚಾಮರಾಜನಗರ ಸೀಮೆಯ ಊರುಗಳಿಗೆ ಹತ್ತಿರದ ನಿದರ್ಶನವೊಂದಿದೆ. ಇದೇ ಜಿಲ್ಲೆಯ ಸಿಂಗಾನಲ್ಲೂರಿನ ಮನೆತನದ ರಾಜಕುಮಾರರು 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಶಿವನಿಗೆ ತನ್ನ ಕಣ್ಣನ್ನೇ ಅರ್ಪಿಸುವ ಭಕ್ತನ ಪಾತ್ರ ವಹಿಸಿದರು. ಕಣ್ಣು ಕಿತ್ತದ್ದು ನಿಜವಲ್ಲವೆಂದು ಬಲ್ಲ ಪ್ರೇಕ್ಷಕರಿಗೂ ಅರ್ಪಣೆಯೆಂದರೇನೆಂಬುದು ಅಲ್ಲಿ ಗೋಚರಿಸಿತು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ನಿಜವಾಗಿಯೇ ದಾನ ಮಾಡಲಾಯಿತು.

ಪೀಠದಲ್ಲಿ ನಿಂತು ಶಿಲುಬೆಯನ್ನು ಸಾರುವ ನಾವೂ ನಮ್ಮದಲ್ಲದ ಮಾತನ್ನಾಡುವವರೇ. ಅದಕ್ಕಾಗಿ ದನಿಯನ್ನೂ ಭಾವವನ್ನೂ ಪಳಗಿಸಿಕೊಳ್ಳುವುದು ದೋಷವಲ್ಲ. ಪೀಠದಿಂದಿಳಿದ ಮೇಲೆ ಆ ಮಾತು ನಮ್ಮ ಬಾಳಿನಲ್ಲಿ ಕಾಣದೆಹೋದರೆ ಮಾತ್ರ, ಕರ್ತನ ಆ ಕಠಿಣ ಪದ ನಮಗೇ ಸಲ್ಲುತ್ತದೆ.