ಭತ್ತದ ಗದ್ದೆಯ ಕಂದು ಚಿಟ್ಟೆಗಳು: ರೈಸ್ ಸ್ವಿಫ್ಟ್ ಅನ್ನು ಗುರುತಿಸುವ ಬಗೆ

ಜೀವವೈವಿಧ್ಯ ಕಾಯ್ದೆ, 2002ರ ಸೆಕ್ಷನ್ 41ರ ಅನ್ವಯ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಆ ಸಮಿತಿಯ ಪ್ರಮುಖ ಕರ್ತವ್ಯ. ಮಾನ್ಯ ಸದಸ್ಯರು ಬಲ್ಲಂತೆ, ದಾಖಲಾತಿಯಲ್ಲಿ ಕೀಟಗಳ ಪುಟವೇ ಸಾಮಾನ್ಯವಾಗಿ ಬಡವಾಗಿರುತ್ತದೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಕಪ್ಪು-ಹೊಂಬಣ್ಣವನ್ನು ಒಮ್ಮೆ ಕಂಡವರು ಮರೆಯಲಾರರು. ಆದರೆ ಗದ್ದೆಯ ಬದುವಿನಲ್ಲಿ ನಿತ್ಯ ಹಾರುವ ಸ್ಕಿಪ್ಪರ್‌ಗಳನ್ನು ‘ಕಂದು ಪತಂಗ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ವಾಡಿಕೆ. ಅವು ಪತಂಗಗಳಲ್ಲ, ಒಂದೇ ಪ್ರಭೇದವೂ ಅಲ್ಲ.

ದಪ್ಪ ದೇಹ, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಕುಡಿಮೀಸೆ, ಬಾಣದಂತಹ ಹಾರಾಟ ಇವು ಸ್ಕಿಪ್ಪರ್‌ನ ಲಕ್ಷಣಗಳು. ಬಿಸಿಲು ಕಾಯುವಾಗ ಸ್ವಿಫ್ಟ್ ಗುಂಪಿನವು ಹಿಂರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿ, ಮುಂರೆಕ್ಕೆಗಳನ್ನು ಅರ್ಧ ಎತ್ತಿ ಹಿಡಿಯುತ್ತವೆ. ಇವುಗಳನ್ನು ಕಾಣಲು ಕಾಡಿಗೆ ಹೋಗಬೇಕಿಲ್ಲ. ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಬರುವ ಸದಸ್ಯರು ಉದ್ಯಾನದ ಹುಲ್ಲಂಚಿನಲ್ಲಿ, ಪಕ್ಕದ ವಿಲ್ಸನ್ ಗಾರ್ಡನ್‌ನ ಯಾವುದಾದರೂ ಹುಲ್ಲು ಬೆಳೆದ ನಿವೇಶನದಲ್ಲಿ ಅರೆಗಳಿಗೆ ನಿಂತು ನೋಡಿದರೂ ಆದೀತು.

ಹೆಚ್ಚು ಗೊಂದಲವಿರುವುದು ಎರಡರ ನಡುವೆ. 1866ರಲ್ಲಿ ವ್ಯಾಲೇಸ್ ವಿವರಿಸಿದ ರೈಸ್ ಸ್ವಿಫ್ಟ್, ಅಂದರೆ ಬೋರ್ಬೊ ಸಿನ್ನಾರ, ಒಂದು. 1798ರಲ್ಲಿ ಫ್ಯಾಬ್ರಿಷಿಯಸ್ ಹೆಸರಿಸಿದ ಪೆಲೊಪಿಡಾಸ್ ಮಥಿಯಾಸ್ ಮತ್ತೊಂದು. ಎರಡೂ ಕಂದು, ಎರಡರ ಮುಂರೆಕ್ಕೆಯಲ್ಲೂ ಅರೆಪಾರದರ್ಶಕ ಬಿಳಿ ಚುಕ್ಕೆಗಳು. ಆದ್ದರಿಂದ ಮೊದಲು ನೋಡಬೇಕಾದುದು ಹಿಂರೆಕ್ಕೆಯ ಕೆಳಮೈಯನ್ನು. ರೆಕ್ಕೆಯ ಬುಡದಿಂದ ನಡುವಿನವರೆಗೆ ನಾಳಗಳು ಸುತ್ತುವರಿದ ಉದ್ದನೆಯ ಭಾಗಕ್ಕೆ ಕೋಶವೆಂದು ಹೆಸರು. ಪೆಲೊಪಿಡಾಸ್‌ನಲ್ಲಿ ಹೊರಗಿನ ಚುಕ್ಕೆಗಳ ಸಾಲಿನಿಂದ ಬೇರ್ಪಟ್ಟು ಈ ಕೋಶದೊಳಗೂ ಒಂದು ಚುಕ್ಕೆ ಇರುತ್ತದೆ. ರೈಸ್ ಸ್ವಿಫ್ಟ್‌ನಲ್ಲಿ ಆ ಚುಕ್ಕೆ ಇರುವುದಿಲ್ಲ. ಎರಡನೆಯದಾಗಿ, ಪೆಲೊಪಿಡಾಸ್ ಗಂಡಿನ ಮುಂರೆಕ್ಕೆಯ ಮೇಲ್ಮೈಯಲ್ಲಿ ಸಣ್ಣದಾದ ಬೂದು ಗೀಟು ಇರುತ್ತದೆ. ಅದು ಗಂಧ ಸೂಸುವ ಶಲ್ಕಗಳ ಪಟ್ಟಿ. ರೈಸ್ ಸ್ವಿಫ್ಟ್‌ನ ಗಂಡಿಗೂ ಹೆಣ್ಣಿಗೂ ಅಂತಹ ಗೀಟಿಲ್ಲ. ಪೆಲೊಪಿಡಾಸ್ ಹೆಣ್ಣಿಗೂ ಇಲ್ಲವಾದುದರಿಂದ, ಗೀಟು ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ನಿರ್ಣಯಕ್ಕೆ ಬರಬಾರದು.

ಪೆಲೊಪಿಡಾಸ್‌ನಲ್ಲೇ ಮಥಿಯಾಸ್ ಮತ್ತು ಅಗ್ನ ಎಂಬ ಪ್ರಭೇದಗಳನ್ನು ಬೇರ್ಪಡಿಸುವ ಕ್ರಮ ನಕ್ಷೆ ಓದುವವರಿಗೆ ಹಿಡಿಸುವಂತಹದು. ಗಂಡಿನ ಮುಂರೆಕ್ಕೆಯ ಕೋಶದಲ್ಲಿರುವ ಎರಡು ಚುಕ್ಕೆಗಳ ಮೂಲಕ ಒಂದು ಸರಳರೇಖೆಯನ್ನು ಎಳೆದು ಮುಂದುವರಿಸಿದರೆ, ಮಥಿಯಾಸ್‌ನಲ್ಲಿ ಅದು ಬೂದು ಗೀಟನ್ನು ಕತ್ತರಿಸುತ್ತದೆ. ಅಗ್ನದಲ್ಲಿ ಸಾಮಾನ್ಯವಾಗಿ ಕತ್ತರಿಸುವುದಿಲ್ಲ. ಪಾರ್ನಾರ ಕುಲದವು ತುಸು ಚಿಕ್ಕವು, ಕುಡಿಮೀಸೆಯೂ ಗಿಡ್ಡ.

ಹೆಸರಿನ ತಕರಾರಿಗಿಂತ ರೈತರ ಜೇಬಿಗೆ ಹತ್ತಿರದ ಸಂಗತಿಯೊಂದಿದೆ. ಈ ಚಿಟ್ಟೆಗಳ ಮರಿಹುಳುಗಳು ಭತ್ತ ಮತ್ತು ಹುಲ್ಲಿನ ಗರಿಯನ್ನು ಮಡಚಿ ಒಳಗೆ ವಾಸಿಸುವುದರಿಂದ, ಅವುಗಳನ್ನು ಎಲೆ ಮಡಚುವ ಹುಳುವೆಂದು ಭಾವಿಸಿ ಔಷಧ ಸಿಂಪಡಿಸುವುದುಂಟು. ಎಲೆ ಮಡಚುವ ಹುಳುವು ಹಸಿರನ್ನು ಕೆರೆದು ತಿಂದು ಬಿಳಿ ಪಟ್ಟೆಗಳನ್ನು ಉಳಿಸುತ್ತದೆ, ಮುಟ್ಟಿದರೆ ಚಡಪಡಿಸುತ್ತದೆ. ಸ್ಕಿಪ್ಪರ್ ಮರಿಯು ಅಂಚಿನಿಂದ ಗರಿಯನ್ನೇ ತಿನ್ನುತ್ತ ನಡುನರವನ್ನು ಬಿಡುತ್ತದೆ. ಅದರ ತಲೆ ದೊಡ್ಡದು, ಕುತ್ತಿಗೆ ಕಿರಿದು. ಪರಾವಲಂಬಿ ಕಣಜಗಳು ಸ್ಕಿಪ್ಪರ್ ಸಂಖ್ಯೆಯನ್ನು ಸಾಮಾನ್ಯವಾಗಿ ಹತೋಟಿಯಲ್ಲಿಡುತ್ತವೆ. ಅನಗತ್ಯ ಸಿಂಪಡಣೆಯಿಂದ ಮೊದಲು ಸಾಯುವುದು ಆ ಕಣಜಗಳೇ. ಸಂದೇಹವಿದ್ದಲ್ಲಿ ಮಡಚಿದ ಗರಿಯನ್ನು ಹುಳುವಿನ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಲು ರೈತರಿಗೆ ತಿಳಿಸತಕ್ಕದ್ದು.

ದಾಖಲಾತಿಗಾಗಿ ಚಿಟ್ಟೆಯನ್ನು ಹಿಡಿಯುವ ಅಗತ್ಯವಿಲ್ಲ. ರೆಕ್ಕೆ ಮುಚ್ಚಿದ್ದಾಗ ಒಂದು, ತೆರೆದಿದ್ದಾಗ ಒಂದು ಛಾಯಾಚಿತ್ರ ಸಾಕು. ಜೊತೆಗೆ ದಿನಾಂಕ, ಸ್ಥಳ ಮತ್ತು ಮರಿಹುಳು ಕಂಡಿದ್ದರೆ ಆ ಸಸ್ಯದ ಹೆಸರನ್ನು ಬರೆಯುವುದು. ಕೋಶದ ಚುಕ್ಕೆ ಮಾತ್ರ ಕಂಡು ಗೀಟು ಕಾಣದಿದ್ದಲ್ಲಿ ‘ಪೆಲೊಪಿಡಾಸ್ ಕುಲ, ಪ್ರಭೇದ ನಿರ್ಧರಿಸಿಲ್ಲ’ ಎಂದು ನಮೂದಿಸುವುದು ಸರಿಯಾದ ಕ್ರಮ.