ಕ್ವಿಂಟಲಿಗೆ ಅರ್ಧ ಕಿಲೋ ಗಂಧಕ

ನಾಗಪುರದ ಉತ್ತರ ಮಗ್ಗುಲಿನ ಕೋರಾಡಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ 660 ಮೆಗಾವ್ಯಾಟಿನ ಮೂರು ಘಟಕಗಳಿವೆ. ಮೂರೂ ಒಂದು ದಿನ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಹುಟ್ಟುವ ವಿದ್ಯುತ್ತು ಸುಮಾರು 4.75 ಕೋಟಿ ಯೂನಿಟ್. ಒಂದು ಯೂನಿಟ್ಟಿಗೆ ನಮ್ಮ ದೇಶದ ಕಲ್ಲಿದ್ದಲು ಹೆಚ್ಚುಕಡಿಮೆ 650 ಗ್ರಾಂ ಬೇಕು. ಗುಣಿಸಿದರೆ ದಿನಕ್ಕೆ 31,000 ಟನ್. ಒಂದು ಗೂಡ್ಸ್ ರೈಲು ತರುವುದು ನಾಲ್ಕು ಸಾವಿರ ಟನ್ನಿನ ಆಸುಪಾಸು. ಅಲ್ಲಿಗೆ ಹಗಲೂ ರಾತ್ರಿ, ಮೂರು ಗಂಟೆಗೊಂದು ರೈಲು ಖಾಲಿಯಾಗಬೇಕು.

ಇದರಲ್ಲಿ ಗಂಧಕವೆಷ್ಟು? ವಿದರ್ಭದ ಕಲ್ಲಿದ್ದಲು ಗೊಂಡ್ವಾನ ಕಾಲದ್ದು, ಸಿಹಿನೀರಿನ ಜೌಗಿನಲ್ಲಿ ಹೂತುಹೋದ ಕಾಡು. ಸಮುದ್ರದ ಸೋಂಕು ತಗುಲಿದ ಅಸ್ಸಾಮಿನ ಕಲ್ಲಿದ್ದಲಿನಲ್ಲಿ ಗಂಧಕ ಶೇ. 2ರಿಂದ 7ರವರೆಗೂ ಇರುತ್ತದೆ, ಇಲ್ಲಿ ಶೇ. 0.5ರ ಸುತ್ತಮುತ್ತ. ಕ್ವಿಂಟಲಿಗೆ ಅರ್ಧ ಕಿಲೋ ಎಂದರೆ ಯಾರಿಗೂ ಭಯವಾಗದು. ಆದರೆ 31,000 ಟನ್ನಿಗೆ ಅದು 155 ಟನ್. ಉರಿಯುವಾಗ ಗಂಧಕ ತನ್ನಷ್ಟೇ ತೂಕದ ಆಮ್ಲಜನಕವನ್ನು ಎಳೆದುಕೊಳ್ಳುವುದರಿಂದ ಚಿಮಣಿಯಿಂದ ಹೊರಡುವ ಗಂಧಕದ ಡೈಆಕ್ಸೈಡ್ ಅದರ ಇಮ್ಮಡಿ: ದಿನಕ್ಕೆ 310 ಟನ್. ವರ್ಷವಿಡೀ ಹೀಗೇ ಓಡಿದರೆ ಲಕ್ಷ ಟನ್ನಿಗೂ ಮೇಲೆ.

ಉರಿಸುವ ಮೊದಲೇ ತೊಳೆದುಬಿಟ್ಟರೆ? ತೊಳೆಯುವ ವಿದ್ಯೆ ಹಳೆಯದು. ರೈತ ಬಿತ್ತನೆ ಬತ್ತವನ್ನು ಉಪ್ಪುನೀರಿಗೆ ಸುರಿದು ಜೊಳ್ಳನ್ನು ತೇಲಿಸಿ ತೆಗೆಯುವ ಹಾಗೆಯೇ ಇದೂ. ನೀರಿಗೆ ಮ್ಯಾಗ್ನಟೈಟ್ ಪುಡಿ ಬೆರೆಸಿ, ಸಾಮಾನ್ಯ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ ಮಾಡುತ್ತಾರೆ. ನೀರಿನ 1.3 ಪಟ್ಟು ಭಾರದ ಕಲ್ಲಿದ್ದಲು ತೇಲುತ್ತದೆ, 2.5 ಪಟ್ಟಿನ ಕಲ್ಲು ಮುಳುಗುತ್ತದೆ. ಕಬ್ಬಿಣ-ಗಂಧಕ ಕೂಡಿದ ಪೈರೈಟ್ ಐದು ಪಟ್ಟು ಭಾರ, ಅದಂತೂ ನೇರ ತಳಕ್ಕೆ.

ತೊಡಕಿರುವುದು ಗಂಧಕಕ್ಕೆ ಎರಡು ಬಿಡಾರ ಇರುವುದರಲ್ಲಿ. ಪೈರೈಟ್ ಒಂದು. ಇನ್ನೊಂದು ಕಲ್ಲಿದ್ದಲಿನ ಇಂಗಾಲದ ಅಣುವಿನೊಳಗೇ ಹೆಣೆದುಕೊಂಡದ್ದು. ಅದನ್ನು ನೀರು ಮುಟ್ಟಲಾರದು. ಗಂಧಕ ಕಡಿಮೆಯಿರುವ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಈ ಎರಡನೆಯದರ ಪಾಲೇ ಹೆಚ್ಚು. ಮುಳುಗಿದ ಪೈರೈಟಿನ ಜೊತೆಗೆ ಒಂದಿಷ್ಟು ಕಲ್ಲಿದ್ದಲೂ ಹೋಗುತ್ತದೆ. ಹೀಗೆ ಬೇರ್ಪಟ್ಟ ತ್ಯಾಜ್ಯವನ್ನು ಕೊಂಡವರು ಬೇರೆಡೆ ಉರಿಸಿದರೆ ಗಂಧಕ ಊರು ಬದಲಿಸಿತೇ ಹೊರತು ತೊಲಗಲಿಲ್ಲ.

ತೊಳೆಯುವುದರ ನಿಜವಾದ ಲಾಭ ಬೂದಿಯದು. ಶೇ. 35 ಎಂದು ಹಿಡಿದರೂ ಕೋರಾಡಿಯ ಒಂದು ದಿನದ ಬೂದಿ ಹತ್ತು ಸಾವಿರ ಟನ್ ದಾಟುತ್ತದೆ. 2022ರ ಜುಲೈ ಮಳೆಗೆ ಅಲ್ಲಿಯ ಖಸಾಲಾ ಬೂದಿಹೊಂಡದ ಕಟ್ಟೆಯೊಡೆದು ಕೆಸರು ಹೊಲ-ಹಳ್ಳಗಳಿಗೆ ನುಗ್ಗಿತ್ತು. ದೂರದ ಸ್ಥಾವರಗಳಿಗೆ ಹೋಗುವ ಕಲ್ಲಿದ್ದಲಿನಲ್ಲಿ ಬೂದಿ ಶೇ. 34 ಮೀರಬಾರದೆಂಬ ನಿಯಮ 2001ರಿಂದ ಇತ್ತು. 2020ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು. ಇನ್ನು ತೊಳೆಯುವ ಸಾಮರ್ಥ್ಯ: ನಾಗಪುರದಲ್ಲೇ ಕೇಂದ್ರ ಕಚೇರಿಯಿರುವ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ನಂದನ್ ವಾಷರಿ ಉಕ್ಕಿನ ಕಾರ್ಖಾನೆಗಳಿಗಾಗಿ ಕಟ್ಟಿದ್ದು. ವರ್ಷಕ್ಕೆ 12 ಲಕ್ಷ ಟನ್ ತೊಳೆಯಬಲ್ಲದು. ಕೋರಾಡಿಯ ಈ ಮೂರು ಬಾಯ್ಲರುಗಳಿಗೆ ಅದು ನಲವತ್ತು ದಿನಕ್ಕೂ ಸಾಲದು. ಅದೇ ಕಂಪನಿ 2023-24ರಲ್ಲಿ ತೆಗೆದ ಕಲ್ಲಿದ್ದಲು ಸುಮಾರು 6.9 ಕೋಟಿ ಟನ್.

ಹಾಗಾಗಿ ಗಂಧಕವನ್ನು ಹಿಡಿಯಬೇಕಾದ ಜಾಗ ಚಿಮಣಿಯೇ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ದೊಡ್ಡ ಘಟಕಗಳಿಗೆ ಹಾಕಿದ ಮಿತಿ, ಘನಮೀಟರ್ ಹೊಗೆಗೆ 200 ಮಿಲಿಗ್ರಾಂ ಗಂಧಕದ ಡೈಆಕ್ಸೈಡ್. ಇಲ್ಲಿಯ ಲೆಕ್ಕದಂತೆ ಶುದ್ಧೀಕರಿಸದ ಹೊಗೆಯಲ್ಲಿ ಅದು 1,500ರ ಆಚೆಗಿರುತ್ತದೆ. ಹೊಗೆಯಾದರೂ ಎಷ್ಟು? ದಿನಕ್ಕೆ ಸುಮಾರು 18 ಕೋಟಿ ಘನಮೀಟರ್. ಅಷ್ಟನ್ನೂ ಸುಣ್ಣದಕಲ್ಲಿನ ಹಿಟ್ಟು ಕಲಸಿದ ನೀರಿನ ತುಂತುರಿನಲ್ಲಿ ಹಾಯಿಸಬೇಕು. ಹತ್ತರಲ್ಲಿ ಒಂಬತ್ತು ಪಾಲು ಹಿಡಿಯಲು ದಿನಕ್ಕೆ 430 ಟನ್ನಿಗೂ ಹೆಚ್ಚು ಸುಣ್ಣದಕಲ್ಲು ಒಳಹೋಗಬೇಕು, ಸುಮಾರು 750 ಟನ್ ಜಿಪ್ಸಮ್ ಹೊರಬರುತ್ತದೆ. ದೇಶದ ಸ್ಥಾವರಗಳಿಗೆ 2017ಕ್ಕೆಂದು ಕೊಟ್ಟಿದ್ದ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈ ಆದೇಶ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟಿತು; ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಂದ ಹತ್ತು ಕಿಲೋಮೀಟರ್ ಒಳಗಿರುವವುಗಳಿಗೆ 2027ರ ಕೊನೆಯ ಗಡುವು. 2011ರ ಗಣತಿಯಲ್ಲೇ ಕೋರಾಡಿಯ ಮಗ್ಗುಲಿನ ನಾಗಪುರದ ಜನಸಂಖ್ಯೆ 24 ಲಕ್ಷ.

ಈ ಲೆಕ್ಕದಿಂದ ಕನ್ನಡಿಗರೂ ಹೊರಗಿಲ್ಲ. ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ ವಿದರ್ಭದ ಕಲ್ಲಿದ್ದಲು ಬರುತ್ತದೆ. ಕರ್ನಾಟಕ ವಿದ್ಯುತ್ ನಿಗಮಕ್ಕೆ ಸಿಕ್ಕ ಬರಂಜ್ ಗಣಿಯಿರುವುದು ಚಂದ್ರಾಪುರ ಜಿಲ್ಲೆಯಲ್ಲಿ. ಅಂಥ ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಗಂಧಕದ ಡೈಆಕ್ಸೈಡ್ ಆರೂವರೆ ಗ್ರಾಂ. ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಯ ಪಾಲು 650 ಗ್ರಾಂ. ಬಿಲ್ಲಿನಲ್ಲಿ ಅದಕ್ಕೊಂದು ಕಾಲಂ ಇಲ್ಲ.